ಚಪ್ಪಾಳೆಗೆ ಬಂದ ಬಿಲ್ಲು

ಚಪ್ಪಾಳೆ ತಟ್ಟಿದ್ದಕ್ಕೆ ಯಾರಾದರೂ ನಿಮ್ಮ ಹತ್ತಿರ ದುಡ್ಡು ಕೇಳಿದ್ದಾರೆಯೇ? ದುಬೈನಲ್ಲಿ ನಮ್ಮ ಹತ್ತಿರ ಕೇಳಿದರು. ಬಿಲ್ಲು ಕಳಿಸಿಯೇ ಕೇಳಿದರು.

ಪರದೇಶದವರೂ ಇಲ್ಲಿ ಸ್ವಂತಕ್ಕೆ ಜಾಗ ಕೊಳ್ಳಬಹುದು ಎಂದಾದಾಗ, ಬಾಡಿಗೆ ಕಟ್ಟಿ ಕಟ್ಟಿ ಸುಸ್ತಾಗಿದ್ದ ನಾವು ಕೆಲವರು ಒಂದು ಹೊಸ ಕಟ್ಟಡದಲ್ಲಿ ಅಂಗಡಿ, ಆಫೀಸು ಅಂತ ಕೊಂಡೆವು. ಮೊದಲ ಮಹಡಿಯಲ್ಲಿ ನನ್ನದೊಂದು ಪುಟ್ಟ ಟ್ರಾವೆಲ್ ಆಫೀಸ್. (ಪುಟ್ಟ ಎಂದರೆ, ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ನಾನು ಎದ್ದು ನಿಲ್ಲಬೇಕು.) ಕೆಳಗೆ, ದೊಡ್ಡ ರಸ್ತೆಗೆ ಮುಖ ಮಾಡಿ ಶೆಟ್ಟರ ಕೆಫೆಟೇರಿಯಾ. ಹಿಂಬದಿಯಲ್ಲಿ, ಕಸದ ಡಬ್ಬಗಳಿರುವ ಓಣಿಗೆ ಮುಖ ಮಾಡಿ ಲಿಲ್ಲಿ ಬಾಯಮ್ಮನ ಟೈಲರಿಂಗ್ ಅಂಗಡಿ. ಮಂಗಳೂರಿನವರು. ಇಲ್ಲಿಯೇ ಸತ್ವಾ ಬಡಾವಣೆಯಲ್ಲಿ ಯಾರದೋ ಅಂಗಡಿಯಲ್ಲಿ ವರ್ಷಗಟ್ಟಲೆ ಸ್ಕೂಲ್ ಯೂನಿಫಾರ್ಮ್ ಹೊಲಿದು, ಉಳಿಸಿದ್ದನ್ನೆಲ್ಲ ಸುರಿದು ಈ ಅಂಗಡಿ ಕೊಂಡವರು.

ಈಚೆಗೆ ಕಟ್ಟಡದ ಮ್ಯಾನೇಜರ್ ಮಾಲೀಕರನ್ನೆಲ್ಲ ಮೀಟಿಂಗಿಗೆ ಕರೆದ. ಪರದೆಯ ಮೇಲೆ ಬಣ್ಣಬಣ್ಣದ ಚಿತ್ರಗಳು. ಎದುರಿನ ರಸ್ತೆಯುದ್ದಕ್ಕೂ ಖರ್ಜೂರದ ಮರ, ಕಲ್ಲುಹಾಸು, ದೀಪ, ಬೆಂಚು. ಇದಾದರೆ ಗಿರಾಕಿಗಳು ಸಾಲುಗಟ್ಟಿ ಬರುತ್ತಾರೆ ಅಂದ. ದುಡ್ಡು ಯಾರು ಕೊಡಬೇಕು ಎಂದೂ ಹೇಳಿದ. ಕೊನೆಯಲ್ಲಿ, ಗಡಿಬಿಡಿಯಲ್ಲಿ. ಅಷ್ಟರಲ್ಲಿ ಶೆಟ್ಟರ ಕೆಫೆಟೇರಿಯಾದಿಂದ ಸಮೋಸಾ ಬಂದಿತ್ತು. ಯಾರ ಕಣ್ಣು ಎಲ್ಲಿತ್ತು ಎಂದು ಬಿಡಿಸಿ ಹೇಳಬೇಕೆ?

ಆಗ ಶೆಟ್ಟರು ಎದ್ದು ನಿಂತರು. ಅವರು ನಮ್ಮ ಕನ್ನಡ ಸಂಘಕ್ಕೆ ಬಹುಕಾಲದ ಕಾರ್ಯದರ್ಶಿ. ಅವರಿರುವ ಸಭೆ ವಂದನಾರ್ಪಣೆ ಇಲ್ಲದೆ ಮುಗಿಯುವುದಿಲ್ಲ. ಮ್ಯಾನೇಜರಿಗೆ, ಚಿತ್ರ ತೋರಿಸಿದವನಿಗೆ, ಕುರ್ಚಿ ಹಾಕಿದವನಿಗೆ ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳಿ, ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಬೇಕು ಎಂದರು. ತಟ್ಟಿದೆವು. ವಂದನಾರ್ಪಣೆಯಲ್ಲಿ ಚಪ್ಪಾಳೆ ಅಂದಾಗ ತಟ್ಟದ ಕನ್ನಡಿಗ ಎಲ್ಲಾದರೂ ಇದ್ದಾನೆಯೇ?

ಕೆಲವು ದಿನಗಳಲ್ಲಿ ಎಲ್ಲರಿಗೂ ಬಿಲ್ಲು ಬಂತು. ಅಂಗಡಿಯ ವಿಸ್ತೀರ್ಣದ ಲೆಕ್ಕದಲ್ಲಿ. ಬಾಯಮ್ಮನ ಅಂಗಡಿ ಅಗಲವಿಲ್ಲ, ಆದರೆ ಒಳಗೆ ರೈಲಿನ ಹಾಗೆ ಉದ್ದಕ್ಕಿದೆ. ಹಾಗಾಗಿ ಎದುರಿನ ಮರಗಳಿಗೆ ಶೆಟ್ಟರಿಗಿಂತ ಅವರೇ ಹೆಚ್ಚು ಕೊಡಬೇಕು. ಕೊಡದಿದ್ದರೆ ಮ್ಯಾನೇಜರ್ ನೋ ಅಬ್ಜೆಕ್ಷನ್ ಪತ್ರ ಕೊಡುವುದಿಲ್ಲ. ಆ ಪತ್ರವಿಲ್ಲದೆ ಅಂಗಡಿಯ ಲೈಸೆನ್ಸ್ ರಿನ್ಯೂ ಆಗುವುದಿಲ್ಲ. ಲೈಸೆನ್ಸ್ ಹೋದರೆ ಅದರ ಮೇಲೆ ನಿಂತಿರುವ ಅವರ ವೀಸಾವೂ ಹೋಯಿತು.

ನಾನೂ ಅವರ ಜೊತೆ ಕೇಳಲು ಹೋದೆ. ಮ್ಯಾನೇಜರ್ ನಗುನಗುತ್ತಲೇ ಹೇಳಿದ: ಯಾರೂ ಬೇಡ ಎನ್ನಲಿಲ್ಲವಲ್ಲ ಮೇಡಂ, ಎಲ್ಲರೂ ಚಪ್ಪಾಳೆ ತಟ್ಟಿ ಒಪ್ಪಿಕೊಂಡಿರಿ. ಅವನ ಊರಿನಲ್ಲಿ ಚಪ್ಪಾಳೆ ಎಂದರೆ ಒಪ್ಪಿಗೆ ಇರಬಹುದು. ನಮ್ಮಲ್ಲಿ ಚಪ್ಪಾಳೆ ಎಂದರೆ ಸಭೆ ಮುಗಿಯಿತು, ಚಹಾ ರೆಡಿ ಇದೆ ಎಂದರ್ಥ.

ವಿಷಯ ಕೇಳಿ ಶೆಟ್ಟರು ನಿಜವಾಗಿಯೂ ನೊಂದುಕೊಂಡರು. "ನಾನು ಹೇಳಿದ್ದು ಥ್ಯಾಂಕ್ಸಿಗೆ ಮಾರಾಯ್ರೆ, ಮರಕ್ಕಲ್ಲ" ಎಂದು ತಾವೇ ಓಡಾಡಿ ಇನ್ನೊಂದು ಮೀಟಿಂಗ್ ಕರೆಸಿದರು. ಬಾಯಮ್ಮನಿಗೆ ಆದ ಅನ್ಯಾಯದ ಬಗ್ಗೆ ಸೊಗಸಾಗಿ ಮಾತಾಡಿದರು. ನಾವು ಮತ್ತೆ ಚಪ್ಪಾಳೆ ತಟ್ಟಿದೆವು. (ಬುದ್ಧಿ ಎಲ್ಲಿ ಹೋಗುತ್ತದೆ?)

ಬಾಯಮ್ಮ ಎದ್ದರು. "ಶೆಟ್ರೆ, ಚಪ್ಪಾಳೆ ಸಾಕು. ನನ್ನ ಅಂಗಡಿ ಇರುದು ಹಿಂದೆ. ಎದುರು ಮರ ನೆಟ್ಟರೆ ಅದರ ನೆರಳು ಸಹ ನನ್ನ ಬಾಗಿಲಿಗೆ ಬೀಳುದಿಲ್ಲ. ವಾಚ್‌ಮನ್, ಕ್ಲೀನಿಂಗ್, ಅದಕ್ಕೆಲ್ಲ ನಾನು ಕೊಡ್ತೇನೆ. ಮರದ ಖರ್ಚು ಎದುರಿನವರು ಹಾಕ್ಕೊಳ್ಳಿ. ಆಗ್ತದಾ ಇಲ್ವಾ, ಕೈ ಎತ್ತಿ ಹೇಳಿ."

ಅರ್ಧಕ್ಕಿಂತ ಹೆಚ್ಚು ಕೈ ಎದ್ದರೆ ಬಿಲ್ಲು ಬದಲಾಯಿಸುತ್ತೇನೆ ಎಂದು ಮ್ಯಾನೇಜರೂ ಒಪ್ಪಿದ.

ಹಿಂಬದಿಯವರ ಕೈಗಳು ಪಟಪಟನೆ ಎದ್ದವು. ನನ್ನ ಆಫೀಸಿನ ಕಿಟಕಿ ಎದುರಿನ ರಸ್ತೆಗೇ ಇದೆ, ನನ್ನ ಪಾಲೂ ಏರುತ್ತದೆ. ಎತ್ತಿದೆ, ಸ್ವಲ್ಪ ತಡವಾಗಿ. ಶೆಟ್ಟರ ಕೈ ತಲೆಯವರೆಗೆ ಹೋಗಿ ಅಲ್ಲಿಯೇ ನಿಂತಿತು.

ಇದು ವೋಟೇ ಎಂದು ಮ್ಯಾನೇಜರ್ ಕೇಳಿದ.

"ನೋ ನೋ" ಎಂದು ಶೆಟ್ಟರು ತಲೆ ಕೆರೆದುಕೊಂಡರು. ನನ್ನ ಕಡೆ ಬಾಗಿ ಪಿಸುಗುಟ್ಟಿದರು: "ಎಂತ ಮಾಡುದು ಹೇಳಿ? ನನ್ನ ಪಾಲು ಡಬಲ್ ಆಗ್ತದಲ್ವಾ?"

ಎಣಿಸಿದಾಗ ಒಂದೇ ಒಂದು ಕೈ ಕಡಿಮೆ ಬಿತ್ತು. "ಖಲಾಸ್" ಎಂದು ಮ್ಯಾನೇಜರ್ ಫೈಲು ಮುಚ್ಚಿದ.

ಆಮೇಲೆ? ಆಮೇಲೆ ವಂದನಾರ್ಪಣೆ. ಬಾಯಮ್ಮನ ಧೈರ್ಯಕ್ಕೆ ಶೆಟ್ಟರು ಜೋರಾದ ಚಪ್ಪಾಳೆ ಕೇಳಿದರು. ಅಲ್ಲಿ ಎಲ್ಲರಿಗಿಂತ ಜೋರಾಗಿ ಕೇಳಿಸಿದ್ದು ಅವರದೇ ಚಪ್ಪಾಳೆ. ಬಾಯಮ್ಮ ಅದು ಮುಗಿಯುವವರೆಗೂ ಕಾಯದೆ ಹೊರಟುಹೋದರು.

ಶೆಟ್ಟರು ಕೆಟ್ಟವರಲ್ಲ. ಕೆಲಸ ಕಳೆದುಕೊಂಡು ಬಂದ ಎಷ್ಟೋ ಜನರಿಗೆ ಅವರ ಕೆಫೆಟೇರಿಯಾದಲ್ಲಿ ಪುಕ್ಕಟೆ ಊಟ ಸಿಕ್ಕಿದೆ. ಅದಕ್ಕೇ ನನಗೆ ಇಷ್ಟು ಸಿಟ್ಟು. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಬಾಯಮ್ಮ ಮುಂದಿನ ತಿಂಗಳುಗಳ ತಾರೀಕು ಹಾಕಿ ಚೆಕ್ಕು ಬರೆದುಕೊಟ್ಟರು. ಲೈಸೆನ್ಸ್ ಉಳಿಯಿತು. ಆ ಚೆಕ್ಕುಗಳು ಪಾಸಾಗಬೇಕಲ್ಲ, ಅಂಗಡಿಯ ಮುಂಭಾಗವನ್ನು ಮೊಬೈಲ್ ರಿಪೇರಿಯವನಿಗೆ ಬಾಡಿಗೆಗೆ ಕೊಟ್ಟು, ಮೆಷಿನ್ನು ಎತ್ತಿಕೊಂಡು ಒಳಗಿನ ಕತ್ತಲೆಗೆ ಸರಿದರು. ಅವರ ಸ್ವಂತ ಅಂಗಡಿಯ ಬಾಗಿಲ ಮೇಲೆ ಈಗ ಬೇರೆಯವನ ಬೋರ್ಡಿದೆ.

ಎದುರಿನ ರಸ್ತೆಯಲ್ಲಿ ಮರಗಳು ಬಂದಿವೆ, ಚೆನ್ನಾಗಿವೆ. ಶೆಟ್ಟರು ಅವುಗಳ ನೆರಳಿಗೆ ಕುರ್ಚಿ ಹಾಕಿದ್ದಾರೆ.

ಎರಡು ಕೈ ಸೇರಿಸಿ ತಟ್ಟುವಾಗ ಇಲ್ಲದ ಭಾರ, ಒಂದೇ ಕೈ ಎತ್ತುವಾಗ ಎಲ್ಲಿಂದ ಬರುತ್ತದೆ?