ಕಾಕಾ ತಾವೇ ಹುಡುಕಿದ ಉತ್ತರ

ಗೆಳೆಯರೇ, ಗ್ಲಾಕೋಮಾದಿಂದ ಕಣ್ಣು ಕಳೆದುಕೊಂಡ ನಮ್ಮ ಕಾಕಾ ಇವತ್ತು ಗಡಿಯಾಚೆಯ ನಮ್ಮ ಮರಾಠಿ ಊರಿನ ವಿಜಾಪುರ ರಸ್ತೆಯಲ್ಲಿರುವ ತಮ್ಮ ಚಾದರದಂಗಡಿಯಲ್ಲಿ ಕೂತು, ಮೊದಲ ಸಲ ತಾವೊಬ್ಬರೇ ಇಂಟರ್‌ನೆಟ್‌ನಲ್ಲಿ ಹುಡುಕಿದರು. ಮೌಸ್ ಬಿಡಿಸಿ ಕೀಬೋರ್ಡ್ ಶಾರ್ಟ್‌ಕಟ್ ಕಲಿಸಿದವಳು ನಾನೇ. ಎಚ್ ಒತ್ತಿದರೆ ಮುಂದಿನ ತಲೆಬರಹಕ್ಕೆ ಹೋಗುತ್ತದೆ, ಕಂಪ್ಯೂಟರ್ ಓದಿ ಹೇಳುತ್ತದೆ.

ಅಂಗಡಿಗೆಲ್ಲ ಕೇಳುವಂತೆ ಅದು ಮರಾಠಿಯಲ್ಲಿ ಓದಿತು: ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳುವುದಿಲ್ಲ.

“ದೀಪಾವಳಿಗಿ ಕಾಣಸ್ತದ ಅಂದಿದ್ರಿ ಅಲ್ಲಾ ಎಲ್ಲಾರೂ?” ಎಂದರು ಕಾಕಾ.

ಮನೆಯವರೆಲ್ಲ ಸೇರಿ ಹೇಳಿದ್ದ ಸುಳ್ಳು ಅದು.

“ಇರಲಿ ಬಿಡವ್ವ. ಹಿಂದಕ ಹೋಗೂದು ಹ್ಯಾಂಗ?”

“ಆಲ್ಟ್ ಹಿಡದು ಎಡಗಡಿ ಬಾಣ ಒತ್ರಿ ಕಾಕಾ.”

ಒತ್ತಿದರು. ಕಂಪ್ಯೂಟರ್ ಅವರ ಪ್ರಶ್ನೆಯನ್ನೇ ಮತ್ತೆ ಓದಿತು: ಹೋದ ಕಣ್ಣು ಮರಳಿ ಬರುತ್ತದೆಯೇ?

ಪಾಠವನ್ನೇನೋ ಚೆನ್ನಾಗಿಯೇ ಕಲಿಸಿದ್ದೇನೆ.