ಅಪ್ಪ ಡ್ಯೂಟಿಗೆ ಹೊರಟ ದಿನ

ಮೂಡಬಿದಿರೆಗೆ ಬಂದ ಮೊದಲ ವಾರವೇ ನಾನು ಮನೆಯ ಸುತ್ತಮುತ್ತ ಇರುವ ಬಾವಿಗಳನ್ನೆಲ್ಲ ನೋಡಿಕೊಂಡು ಬಂದೆ. ಯಾವುದಕ್ಕೆ ಕಟ್ಟೆ ಉಂಟು, ಯಾವುದಕ್ಕೆ ಬಲೆ ಹಾಕಿದ್ದಾರೆ, ಯಾವುದು ಗಿಡಗಂಟಿಗಳ ನಡುವೆ ಬಾಯಿ ತೆರೆದುಕೊಂಡು ಬಿದ್ದಿದೆ ಎಂದು ತಿಳಿಯದೆ ನನಗೆ ಸಮಾಧಾನವಿರಲಿಲ್ಲ. ಅಪ್ಪನಿಗೆ ಮರೆವಿನ ಕಾಯಿಲೆ. ಡೊಂಬಿವಲಿಯ ಫ್ಲ್ಯಾಟಿನಲ್ಲಿ ಬಾಗಿಲಿಗೆ ಬೀಗ ಹಾಕಿದರೆ ಆಯಿತು. ಇಲ್ಲಿ ಬಾಗಿಲಾಚೆ ಅಂಗಳ, ಅಂಗಳದಾಚೆ ಗುಡ್ಡ, ಗುಡ್ಡದ ಹಿಂದೆ ಕೆಂಪುಕಲ್ಲು ಕಡಿದು ಹಾಗೇ ಬಿಟ್ಟುಹೋದ ಕೋರೆ. ಮಳೆನೀರು ತುಂಬಿ ಹಸಿರುಗಟ್ಟಿದ್ದ ಆ ಕೋರೆಯನ್ನು ಕಂಡ ದಿನ ಗಂಡನಿಗೆ ಹೇಳಿದೆ: “ನಾವು ಇಲ್ಲಿಗೆ ಬರಬಾರದಿತ್ತೋ ಏನೋ.”

ಬರಲು ಕಾರಣಗಳಿದ್ದವು. ಅಪ್ಪ ಪಾಣೆಮಂಗಳೂರಿನಲ್ಲಿ ಹುಟ್ಟಿದವರು. ಮೀಸೆ ಮೂಡುವ ಮೊದಲೇ ಮುಂಬೈ ಸೇರಿ, ಮುಂದೆ ಲೋಕಲ್ ರೈಲಿನಲ್ಲಿ ಟಿಕೆಟ್ ಚೆಕ್ಕರ್ ಆಗಿ ನಿವೃತ್ತರಾದರು. ಅಮ್ಮ ತೀರಿಕೊಂಡ ಮೇಲೆ ಒಂದೊಂದೇ ಮರೆಯತೊಡಗಿದರು. ಗ್ಯಾಸ್ ಆರಿಸಲು ಮರೆತರು, ಆಮೇಲೆ ಮನೆಯ ದಾರಿ, ಆಮೇಲೆ ಅಮ್ಮ ಸತ್ತದ್ದನ್ನೇ. ಅಲ್ಲಿನ ಡಾಕ್ಟರು, ಚಿಕ್ಕಂದಿನ ಭಾಷೆ ಕಿವಿಗೆ ಬೀಳುವ ಕಡೆ ಇದ್ದರೆ ಮನಸ್ಸು ಸ್ವಲ್ಪ ಶಾಂತವಾಗಬಹುದು ಎಂದರು. ನನ್ನ ಗಂಡನದು ಕಂಪ್ಯೂಟರಿನಲ್ಲಿ ಲೆಕ್ಕಪತ್ರ ನೋಡುವ ಕೆಲಸ, ಎಲ್ಲಿ ಕೂತರೂ ನಡೆಯುತ್ತದೆ. ನಾನು ಲ್ಯಾಬಿನ ಕೆಲಸ ಬಿಟ್ಟೆ.

ಮೊದಲು ಮೆಲ್ಕಾರಿನಲ್ಲಿ ಒಂದು ಮನೆ ನೋಡಿದೆವು, ಅಪ್ಪನ ಊರಿನ ಪಕ್ಕ. ಹೆದ್ದಾರಿಯಲ್ಲಿ ಲಾರಿಗಳು ಹೋಗುವ ರಭಸಕ್ಕೆ ಕಿಟಕಿಯ ಗಾಜು ನಡುಗುತ್ತಿತ್ತು. ಅಪ್ಪ ಆ ರಸ್ತೆಗಿಳಿಯುವುದನ್ನು ನೆನೆಸಿಕೊಂಡೇ ನಾನು ಬೇಡವೆಂದೆ. ಬೆಳ್ತಂಗಡಿಯಿಂದ ಮಂಗಳೂರಿನ ದೊಡ್ಡ ಆಸ್ಪತ್ರೆಗಳು ತೀರಾ ದೂರ. ಕೊನೆಗೆ ಸಿಕ್ಕಿದ್ದು ಮೂಡಬಿದಿರೆ. ಕಾಲೇಜು, ಲ್ಯಾಬು, ಮೆಡಿಕಲ್ ಶಾಪು ಎಲ್ಲ ಇರುವಷ್ಟು ದೊಡ್ಡದು, ಮನೆಯ ಗುರುತು ಹೇಳಿದರೆ ರಿಕ್ಷಾದವನಿಗೆ ತಿಳಿಯುವಷ್ಟು ಚಿಕ್ಕದು. ತೋಡಾರಿನ ಕಡೆಗೆ ಹೋಗುವ ರಸ್ತೆಯಲ್ಲಿ ಬಾಡಿಗೆ ಮನೆ ಹಿಡಿದೆವು.

ಒಳ್ಳೆಯದೂ ಇತ್ತು, ಇಲ್ಲವೆನ್ನಲಾರೆ. ಅಪ್ಪನ ಕೆಮ್ಮು ನಿಂತಿತು. ಪಕ್ಕದ ಮನೆಯಾಕೆ ಕೆಸುವಿನೆಲೆಯ ಪತ್ರೊಡೆ ತಂದುಕೊಟ್ಟ ದಿನ ಅವರು ಒಂದು ತುಣುಕು ಬಾಯಿಗಿಟ್ಟು, ತುಳುವಿನಲ್ಲಿ “ಉಪ್ಪು ಸಾಲದು” ಎಂದರು. ಎಷ್ಟೋ ವರ್ಷಗಳ ನಂತರ ಅವರ ಬಾಯಿಂದ ತುಳು ಕೇಳಿದ ನಾನು ಅಡುಗೆಮನೆಗೆ ಹೋಗಿ ಅತ್ತೆ. ಆದರೆ ಅದೇ ನೆರೆಯಾಕೆ ಮರುದಿನ ಗೇಟಿನ ಬಳಿ ದನಿ ತಗ್ಗಿಸಿ, “ನಿಮ್ಮ ತಂದೆಗೆ ತಲೆ ಸ್ವಲ್ಪ ಸರಿ ಇಲ್ಲ ಅಲ್ವಾ?” ಎಂದು ಕೇಳಿದರು. ಸಂಜೆಯೊಳಗೆ ಹಾಲಿನವರಿಗೂ ಗೊತ್ತಾಗಿತ್ತು. ಮುಂಬೈಯಲ್ಲಿ ಎದುರು ಫ್ಲ್ಯಾಟಿನವರಿಗೆ ನಮ್ಮ ಹೆಸರೂ ತಿಳಿದಿರಲಿಲ್ಲ.

ಆ ದಿನ ಬೆಳಿಗ್ಗೆ ತಿಂಡಿ ತಿಂದ ಮೇಲೆ ಅಪ್ಪ ಬಿಳಿ ಅಂಗಿ, ಕಪ್ಪು ಪ್ಯಾಂಟು ಹಾಕಿಕೊಂಡು ವರಾಂಡದಲ್ಲಿ ಕೂತಿದ್ದರು. ನಾನು ಬಟ್ಟೆ ಒಣಗಲು ಹಾಕಿ ಹಿತ್ತಲಿಂದ ಬರುವಷ್ಟರಲ್ಲಿ ಕುರ್ಚಿ ಖಾಲಿ. ಗೇಟು ತೆರೆದಿತ್ತು. ನನ್ನ ಗಂಡ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಮೀಟಿಂಗಿನಲ್ಲಿದ್ದರು.

ನಾನು ಕೂಗಿ ಹೇಳಿದ್ದೇ ಗಂಡ ಬೈಕು ತೆಗೆದುಕೊಂಡು ರಸ್ತೆಯ ಕಡೆ ಹೋದರು. ನಾನು ಕೋರೆಯ ಕಡೆ ಓಡಿದೆ. ಗುಡ್ಡದ ಮುಳಿಹುಲ್ಲು ಕಾಲಿಗೆ ಕೊಯ್ಯುತ್ತಿತ್ತು. ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಆಚೆ ಮೂಲೆಯಲ್ಲಿ, ಕಲ್ಲಿನ ಗೋಡೆಗೆ ತಾಗಿಕೊಂಡು, ನೀರಿನ ಮೇಲೆ ಬಿಳಿಯದೇನೋ ಉಬ್ಬಿಕೊಂಡು ತೇಲುತ್ತಿತ್ತು. ಅಪ್ಪನ ಅಂಗಿ ಬಿಳಿ. ನಾನು ಅಲ್ಲೇ ಕುಕ್ಕರಿಸಿದೆ. ಗಾಳಿ ಬೀಸಿದಾಗ ಅದು ನಿಧಾನ ತಿರುಗಿತು. ಗೊಬ್ಬರದ ಖಾಲಿ ಚೀಲ. ಅದರ ಮೇಲಿನ ನೀಲಿ ಅಕ್ಷರಗಳು ಕಂಡ ಮೇಲೂ ನನಗೆ ಎದ್ದು ನಿಲ್ಲಲು ತುಂಬ ಹೊತ್ತು ಬೇಕಾಯಿತು.

ಮನೆಗೆ ಬಂದು ಅಪ್ಪನ ಫೋಟೋ ಹಾಕಿ, “ಕಾಣೆಯಾಗಿದ್ದಾರೆ, ಮರೆವಿನ ಕಾಯಿಲೆ ಇದೆ, ಕಂಡವರು ತಿಳಿಸಿ” ಎಂದು ನನ್ನ ನಂಬರಿನ ಜೊತೆ ಬರೆದು ನನಗೆ ಗೊತ್ತಿದ್ದ ವಾಟ್ಸಾಪ್ ಗುಂಪುಗಳಿಗೆಲ್ಲ ಕಳಿಸಿದೆ. ಬಸ್‌ಸ್ಟ್ಯಾಂಡಿನಿಂದ ಗಂಡ ಫೋನು ಮಾಡಿದರು. ಅಪ್ಪ ಬೆಳ್ತಂಗಡಿ ಕಡೆಗೆ ಹೋಗುವ ಬಸ್ಸು ಹತ್ತಿದ್ದನ್ನು ಒಬ್ಬ ಬಸ್ ಏಜೆಂಟರು ನೋಡಿದ್ದರಂತೆ. “ಬಸ್ಸಿನೊಳಗೆ ಎಲ್ಲರ ಹತ್ರ ಟಿಕೆಟ್ ತೋರಿಸಿ ಅಂತ ಕೇಳ್ತಾ ಇದ್ರಂತೆ” ಎಂದರು. ನನಗೆ ಆಗ ಹೊಳೆಯಿತು. ಬಿಳಿ ಅಂಗಿ, ಕಪ್ಪು ಪ್ಯಾಂಟು. ಅಪ್ಪ ಡ್ಯೂಟಿಗೆ ಹೊರಟಿದ್ದರು.

ಗಂಡ ಮನೆಗೆ ಬಂದದ್ದೇ ಕಾರಿನಲ್ಲಿ ನಾವಿಬ್ಬರೂ ಹೊರಟೆವು. ವೇಣೂರು ದಾಟುತ್ತಿರುವಾಗ ಗುರುತಿಲ್ಲದ ನಂಬರಿನಿಂದ ಕರೆ ಬಂತು.

“ನೀವು ಫೋಟೋ ಹಾಕಿದವರಾ? ಅವರ ಮಗಳಾ?” ಗಂಡಸಿನ ದನಿ, ಇಲ್ಲಿನ ಬ್ಯಾರಿ ಮುಸ್ಲಿಮರ ಕನ್ನಡ. “ಗಾಬರಿ ಆಗ್ಬೇಡಿ ಅಕ್ಕ. ಅವರು ನನ್ನ ಅಂಗಡಿ ಒಳಗೆ ಇದ್ದಾರೆ. ಲಾಯಿಲದಲ್ಲಿ, ಬೆಳ್ತಂಗಡಿ ಹತ್ರ. ಪಂಪ್‌ಸೆಟ್ಟಿನ ಅಂಗಡಿ.”

“ಅಪ್ಪನಿಗೆ ಏನಾದ್ರೂ ಆಯ್ತಾ?”

“ಏನೂ ಆಗ್ಲಿಲ್ಲ. ಆದ್ರೆ ನೀವು ಬೇಗ ಬನ್ನಿ. ಹೊರಗೆ ಸ್ವಲ್ಪ ಜನ ಉಂಟು.”

“ಜನ ಯಾಕೆ?”

ಅವರು ಉತ್ತರಿಸುವ ಮೊದಲು ಹಿಂದಿನಿಂದ ಯಾರೋ ತಗಡಿಗೆ ಬಡಿದ ಸದ್ದು ಕೇಳಿಸಿತು. ಕರೆ ತುಂಡಾಯಿತು.

ಗುರುವಾಯನಕೆರೆಗೆ ಮುಟ್ಟುವ ಮೊದಲು ನನ್ನ ಫೋನಿಗೆ ಒಂದು ವಿಡಿಯೋ ಬಂತು. ಕಳಿಸಿದವರು ನಮ್ಮ ನೆರೆಯಾಕೆ. “ಇವರು ನಿಮ್ಮ ಅಪ್ಪ ಅಲ್ವಾ?” ಎಂದು ಕೆಳಗೆ ಬರೆದಿದ್ದರು. ವಿಡಿಯೋದ ಮೇಲೆ ದೊಡ್ಡ ಅಕ್ಷರದಲ್ಲಿ: ಮಕ್ಕಳ ಕಳ್ಳ ಸಿಕ್ಕಿಬಿದ್ದ, ಎಲ್ಲರಿಗೂ ಕಳಿಸಿ. ಅಪ್ಪನ ಅಂಗಿಯ ಕಾಲರು ಯಾರದೋ ಮುಷ್ಟಿಯಲ್ಲಿತ್ತು. ಸುತ್ತಲೂ ಕೈಗಳು. ಒಬ್ಬ ತುಳುವಿನಲ್ಲಿ “ಈ ಏರ್? ಏರ್ ಈ?” ಎಂದು, ನೀನು ಯಾರು, ಯಾರು ನೀನು ಎಂದು ಕೇಳುತ್ತಲೇ ಇದ್ದ. ಅಪ್ಪ ಹಿಂದಿಯಲ್ಲಿ “ಡ್ಯೂಟಿ ಪರ್ ಹೂಂ” ಎನ್ನುತ್ತಿದ್ದರು, ಡ್ಯೂಟಿಯಲ್ಲಿದ್ದೇನೆ ಎಂದು. ಚಿಕ್ಕಂದಿನ ಭಾಷೆಯೆಂದು ಇಷ್ಟು ದೂರ ಕರಕೊಂಡು ಬಂದಿದ್ದೆ. ಹೆದರಿಕೆ ಹಿಡಿದಾಗ ಅವರ ಬಾಯಿಗೆ ಬಂದದ್ದು ರೈಲಿನ ಭಾಷೆ, ಮತ್ತು ಆ ಜನರ ಕಿವಿಗೆ ಅದು ಹೊರಗಿನವನ ಭಾಷೆ.

“ಬೇಗ ಓಡಿಸಿ” ಎಂದೆ. ತಿರುವಿನಲ್ಲಿ ಎದುರಿಗೆ ಬಂದ ಬಸ್ಸಿಗೆ ತಾಗುವುದು ಕೂದಲೆಳೆಯಲ್ಲಿ ತಪ್ಪಿತು.

ಅಂಗಡಿಯ ಶಟರು ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಮುಂದೆ ಬೈಕುಗಳು, ಗಂಡಸರು, ಎತ್ತಿ ಹಿಡಿದ ಫೋನುಗಳು. ನಾನು ನುಗ್ಗಿಕೊಂಡು ಹೋದೆ. “ನನ್ನ ಅಪ್ಪ, ನನ್ನ ಅಪ್ಪ” ಎಂದು ತುಳುವಿನಲ್ಲಿ ಹೇಳುತ್ತಲೇ ಇದ್ದೆ. ನನ್ನ ತುಳು ಮುಂಬೈಯ ತುಳು. ಒಬ್ಬ ಯುವಕ ಅಡ್ಡ ನಿಂತ.

“ನಿಮ್ಮ ಅಪ್ಪ ಅನ್ಲಿಕ್ಕೆ ಪ್ರೂಫ್ ಏನುಂಟು?”

ಪ್ರೂಫ್! ಫೋನಿನಲ್ಲಿ ಹುಡುಕಿದೆ, ಏನೂ ಸಿಗಲಿಲ್ಲ. ನನ್ನ ಗಂಡ ಹಿಂದಿನಿಂದ ಬಂದು, ತಮ್ಮ ಫೋನಿನಲ್ಲಿದ್ದ ಮಂಗಳೂರಿನ ಡಾಕ್ಟರರ ಚೀಟಿ, ಆಧಾರ್, ನಮ್ಮ ಮದುವೆಯಲ್ಲಿ ಅಪ್ಪ ಧಾರೆಯೆರೆಯುವ ಫೋಟೋ ಒಂದೊಂದಾಗಿ ತೋರಿಸಿದರು. ಆ ಯುವಕ ಫೋಟೋವನ್ನು ದೊಡ್ಡದು ಮಾಡಿ ನೋಡಿದ. ಆಮೇಲೆ ಪಕ್ಕಕ್ಕೆ ಸರಿದ. ಕ್ಷಮಿಸಿ ಎನ್ನಲಿಲ್ಲ.

ಒಳಗೆ ಅಪ್ಪ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಅಂಗಿಯ ಎರಡು ಗುಂಡಿ ಕಿತ್ತುಹೋಗಿತ್ತು, ಕಿವಿಯ ಹಿಂದೆ ಗೀರು. ನನ್ನನ್ನು ನೋಡಿ ಹಿಂದಿಯಲ್ಲಿ ಕೇಳಿದರು: “ಸ್ಟೇಷನ್ ಮಾಸ್ಟರ್ ಬಂದರಾ? ಮಗುವನ್ನು ಯಾರಿಗೆ ಒಪ್ಪಿಸಿದಿರಿ?”

ಆಗ ಅಂಗಡಿಯವರು ನಡೆದದ್ದನ್ನು ಹೇಳಿದರು. ನನಗಿಂತ ಸ್ವಲ್ಪ ದೊಡ್ಡವರು, ತುಂಬ ವರ್ಷ ಸೌದಿಯ ದಮ್ಮಾಮಿನಲ್ಲಿ ದುಡಿದು ಬಂದವರು. ಬಸ್ಸಿನವರು ಅಪ್ಪನನ್ನು ಲಾಯಿಲದಲ್ಲಿ ಇಳಿಸಿ ಹೋಗಿದ್ದರು. ನಿಲ್ದಾಣದಲ್ಲಿ ಒಬ್ಬ ತಾಯಿ ಫೋನಿನಲ್ಲಿ ಮಾತಾಡುತ್ತಿರುವಾಗ ಆಕೆಯ ಪುಟ್ಟ ಹುಡುಗಿ ರಸ್ತೆಯ ಅಂಚಿಗೆ ಹೋಗಿತ್ತು. ಅಪ್ಪ ಅದರ ಕೈ ಹಿಡಿದುಕೊಂಡು ನಡೆಯತೊಡಗಿದರು. ಪ್ಲಾಟ್‌ಫಾರ್ಮಿನಲ್ಲಿ ತಪ್ಪಿಸಿಕೊಂಡ ಮಕ್ಕಳನ್ನು ಅವರು ಕೈಹಿಡಿದು ಸ್ಟೇಷನ್ ಮಾಸ್ಟರರ ಕೋಣೆಗೆ ಕರೆದೊಯ್ಯುತ್ತಿದ್ದರು. ಊಟಕ್ಕೆ ಕೂತಾಗ ಅಂಥ ಎಷ್ಟೋ ಕತೆ ನಮಗೆ ಹೇಳಿದ್ದರು. ತಾಯಿ ತಿರುಗಿ ನೋಡಿ ಕಿರುಚಿದಳು. ಮತ್ತೆ ಯಾರೂ ಯಾರ ಮಾತೂ ಕೇಳಲಿಲ್ಲ.

“ನನಗೆ ಹಿಂದಿ ಬರ್ತದೆ ಅಕ್ಕ. ಅವರು ಡ್ಯೂಟಿ, ಸ್ಟೇಷನ್ ಅಂತ ಹೇಳುವಾಗ ಇವರಿಗೆ ಏನೋ ಕಾಯಿಲೆ ಅಂತ ಅಂದಾಜಾಯ್ತು. ಒಳಗೆ ಎಳ್ಕೊಂಡು ಶಟರ್ ಹಾಕಿದೆ. ಹಾಕುವಾಗ ನನಗೂ ಹೆದರಿಕೆಯೇ ಇತ್ತು.” ಶಟರಿನ ಕಡೆ ನೋಡಿ ಹೇಳಿದರು. “ಮಾತು ನನ್ನ ಕಡೆಗೆ ತಿರುಗ್ಲಿಕ್ಕೆ ಎಷ್ಟು ಹೊತ್ತು ಬೇಕು ಹೇಳಿ. ನೀನ್ಯಾಕೆ ಅವನನ್ನು ಅಡಗಿಸಿಡ್ತಿ ಅಂತ ಒಬ್ಬ ಕೇಳಿಯೂ ಆಗಿತ್ತು.”

ನಾನು ಅವರ ಕಾಲಿಗೆ ಬಾಗಲು ಹೋದೆ. “ಏಯ್, ಬೇಡ, ಬೇಡ” ಎಂದು ಹಿಂದೆ ಸರಿದರು.

ಪೊಲೀಸರು ಬಂದು ವಿಚಾರಿಸಿಕೊಂಡು ಜನರನ್ನು ಚದುರಿಸಿದರು. ನಾವು ಕಾರು ಹತ್ತುವಾಗ ಆ ಹುಡುಗಿಯ ತಾಯಿ ಹತ್ತಿರ ಬಂದಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. “ಇಂಥವರನ್ನು ಮನೆಯಲ್ಲಿ ನೋಡ್ಕೊಳ್ಬೇಕು ನೀವು. ನನ್ನ ಜೀವ ಹೋಗಿಬಂತು” ಎಂದಳು. ಮಗುವನ್ನು ಎದೆಗೆ ಒತ್ತಿ ಹಿಡಿದಿದ್ದಳು. ನನಗೆ ಸಿಟ್ಟು ಬರಲಿಲ್ಲ. ಕೋರೆಯ ಅಂಚಿನಲ್ಲಿ ನನ್ನ ಮುಖವೂ ಹೀಗೇ ಇದ್ದಿರಬೇಕು.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಒಂದೇ ಮಾತು. “ಡೊಂಬಿವಲಿಗೇ ಹೋಗುವ” ಎಂದರು ಗಂಡ. “ಅಲ್ಲಿ ಬಾಗಿಲು ಹಾಕಿದ್ರೆ ಮುಗೀತು. ಯಾರಿಗೂ ಯಾರೂ ಬೇಡ.”

“ಅದೇ ಅಲ್ವಾ? ಅಲ್ಲಿ ತಪ್ಪಿಸಿಕೊಂಡಿದ್ರೆ ಯಾರು ಫೋನ್ ಮಾಡ್ತಿದ್ರು?”

“ಅಲ್ಲಿ ಯಾರೂ ಕಾಲರ್ ಹಿಡೀತಿರ್ಲಿಲ್ಲ.”

ಇಬ್ಬರದೂ ಸರಿಯೇ. ಒಂದೇ ದಿನ, ಒಂದೇ ವಾಟ್ಸಾಪಿನಲ್ಲಿ, ನಾನು ಕಳಿಸಿದ ಫೋಟೋವೂ ಓಡಿತ್ತು, ಆ ವಿಡಿಯೋವೂ ಓಡಿತ್ತು. ಫೋಟೋ ಅಂಗಡಿಯವರನ್ನು ಮುಟ್ಟಲು ಸ್ವಲ್ಪ ತಡವಾಗಿದ್ದರೆ ಎಂದು ಯೋಚಿಸುವುದನ್ನು ನಾನು ಈಗಲೂ ಅರ್ಧದಲ್ಲೇ ನಿಲ್ಲಿಸುತ್ತೇನೆ.

ನಾವು ಹೋಗಲಿಲ್ಲ. ಅಪ್ಪನಿಗೆ ಮತ್ತೊಮ್ಮೆ ಮನೆ ಬದಲಾದರೆ ಉಳಿದದ್ದೂ ಕಳೆದುಹೋಗುತ್ತದೆ ಎಂದು ಮಂಗಳೂರಿನ ಡಾಕ್ಟರು ಹೇಳಿದರು. ಗೇಟಿಗೆ ಬೀಗ ಬಿತ್ತು, ಅಂಗಿಗಳ ಒಳಗೆ ನನ್ನ ಫೋನ್ ನಂಬರು ಹೊಲಿದೆ. ಈಗ ಮೂಡಬಿದಿರೆಯ ಬಸ್ಸಿನವರಿಗೆಲ್ಲ ಅಪ್ಪನ ಪರಿಚಯ ಉಂಟು. ನಾನೇ ಸಂಜೆ ಅವರನ್ನು ಬಸ್‌ಸ್ಟ್ಯಾಂಡಿಗೆ ಕರಕೊಂಡು ಹೋಗುತ್ತೇನೆ. ಒಬ್ಬ ಕಂಡಕ್ಟರ್ ಸೆಲ್ಯೂಟ್ ಹೊಡೆದು, “ಸರ್, ನಿಮಗಿವತ್ತು ರಜೆ” ಎನ್ನುತ್ತಾನೆ. ಅಪ್ಪ ಗಂಭೀರವಾಗಿ ತಲೆಯಾಡಿಸುತ್ತಾರೆ.

ಆದರೆ ಆ ವಿಡಿಯೋ ಸಾಯಲಿಲ್ಲ. ಪೊಲೀಸರಿಗೆ ದೂರು ಕೊಟ್ಟೆವು, ಕೆಲವು ಗುಂಪುಗಳಲ್ಲಿ ಅಳಿಸಿದರು. ಕೆಲವು ತಿಂಗಳ ಮೇಲೆ ಅದೇ ವಿಡಿಯೋ ಬೇರೆ ಊರಿನ ಹೆಸರು ಹೊತ್ತು ಬಂತು: ಬಂಟ್ವಾಳದಲ್ಲಿ ಮಕ್ಕಳ ಕಳ್ಳ, ಎಚ್ಚರ.

ಅದು ಬಂದ ವಾರವೇ ಅಪ್ಪನನ್ನು ಬಂಟ್ವಾಳದ ಪಕ್ಕದ ಪಾಣೆಮಂಗಳೂರಿನ ಹೊಳೆ ತೋರಿಸಲು ಕರಕೊಂಡು ಹೋಗಿದ್ದೆವು. ಮೊದಲೇ ಮಾತುಕೊಟ್ಟಿದ್ದೆ, ಅವರು ದಿನಾ ಕೇಳುತ್ತಿದ್ದರು. ಬರುವಾಗ ಮೆಲ್ಕಾರಿನ ಹೋಟೆಲೊಂದರಲ್ಲಿ ಚಹಾಕ್ಕೆ ಕೂತೆವು. ಆಚೆ ಮೇಜಿನ ಯುವಕನೊಬ್ಬ ಅಪ್ಪನನ್ನು ನೋಡಿದ, ಫೋನು ನೋಡಿದ, ಮತ್ತೆ ಅಪ್ಪನನ್ನು ನೋಡಿದ. ಪಕ್ಕದವನಿಗೆ ತೋರಿಸಿದ. ನಾವು ಚಹಾ ಅರ್ಧಕ್ಕೇ ಬಿಟ್ಟು ಎದ್ದೆವು. ಕಾರಿನ ಬಾಗಿಲು ಹಾಕಿಕೊಂಡು ತಿರುಗಿದರೆ ಅವನು ಹೋಟೆಲಿನ ಮೆಟ್ಟಿಲ ಮೇಲೆ ನಿಂತು ನಮ್ಮ ಮಹಾರಾಷ್ಟ್ರದ ನಂಬರ್ ಪ್ಲೇಟಿನ ಫೋಟೋ ತೆಗೆಯುತ್ತಿದ್ದ. ಮನೆ ಮುಟ್ಟುವ ತನಕ ನಾನು ಹಿಂದಿನ ಗಾಜಿನಲ್ಲೇ ನೋಡುತ್ತಿದ್ದೆ. ಯಾರೂ ಬರಲಿಲ್ಲ.

ಈಗ ಅಪ್ಪನ ಜೊತೆ ಎಲ್ಲಿಗೆ ಹೋದರೂ, ಅಂಗಡಿಯಾಗಲಿ, ಲ್ಯಾಬಾಗಲಿ, ಬಸ್ಸಾಗಲಿ, ಒಳಗೆ ಕಾಲಿಡುವಾಗಲೇ ನಾನು “ಅಪ್ಪಾ, ಇಲ್ಲಿ ಕೂತ್ಕೊಳ್ಳಿ ಅಪ್ಪಾ” ಎಂದು ದೊಡ್ಡ ದನಿಯಲ್ಲಿ ಹೇಳುತ್ತೇನೆ. ಎಲ್ಲರೂ ತಿರುಗಿ ನೋಡುತ್ತಾರೆ. “ಇಷ್ಟು ಜೋರಾಗಿ ಯಾಕೆ, ನನಗೆ ಕಿವಿ ಕೇಳ್ತದೆ” ಎಂದು ಅಪ್ಪ ಗೊಣಗುತ್ತಾರೆ. ನಾನು ಇನ್ನೊಮ್ಮೆ ಕರೆಯುತ್ತೇನೆ.