ಕೆಳಮಹಡಿಯ ನಗು

ಕೌಲ್ ಬಜಾರಿನ ಒಳಗಲ್ಲಿಯಲ್ಲಿ ಶಶಿಕಾಂತ್ ಅವರ ಜೀನ್ಸ್ ಹೊಲಿಯುವ ಕಾರ್ಖಾನೆಯಿದೆ. ಅದರ ಮೇಲಿನ ಮಹಡಿಗೆ ಅರುಣಾ ಸೂಪರ್‌ವೈಸರ್. ಮದುವೆಯಾಗಿ ಕುರುಗೋಡಿನಿಂದ ಬಳ್ಳಾರಿಗೆ ಬಂದವಳು, ದಾರ ಕತ್ತರಿಸುವ ಕೆಲಸಕ್ಕೆ ಸೇರಿ, ಮಷಿನ್ನಿಗೆ ಕೂತು, ಕೊನೆಗೆ ಇಡೀ ಮಹಡಿಯ ಮೇಲೆ ಕಣ್ಣಿಡುವ ಮಟ್ಟಕ್ಕೆ ಏರಿದ್ದಳು. ಅವಳ ಚಪ್ಪಲಿಯ ಸದ್ದಾದರೆ ಮಾತು ನಿಲ್ಲುತ್ತಿತ್ತು. ಅದನ್ನೇ ಅವಳು ಮರ್ಯಾದೆ ಎಂದುಕೊಂಡಿದ್ದಳು.

ಶಶಿಕಾಂತ್ ಕೆಳಮಹಡಿಯನ್ನು ಹೇಮಾಳಿಗೆ ಒಪ್ಪಿಸಿದ ಮೇಲೆ ಅರುಣಾಳ ನೆಮ್ಮದಿ ಕೆಟ್ಟಿತು. ಬಾದನಹಟ್ಟಿಯಿಂದ ಬಂದ ಹೇಮಾಳಿಗೆ ಜೇಬು ಹೊಲಿಯುವುದನ್ನು, ಜಿಪ್ ಕೂರಿಸುವುದನ್ನು ಕಲಿಸಿದ್ದು ಅರುಣಾಳೇ. ಈಗ ಹೆಂಗಸರೆಲ್ಲ ಆ ಹುಡುಗಿಯ ಸುತ್ತ. ಸೊಂಟ ನೋಯುವವಳ ಕುರ್ಚಿಗೆ ದಿಂಬು ಬಂತು. ಎಳೆಕೂಸಿನ ತಾಯಿಗೆ ಮನೆಗೆ ಹೋಗಿ ಹಾಲೂಡಿಸಿ ಬರಲು ಬಿಡುವು ಸಿಕ್ಕಿತು. ಮಧ್ಯಾಹ್ನ ಕೆಳಗಿಂದ ನಗು ಕೇಳಿಬಂದರೆ ಅರುಣಾ ರೊಟ್ಟಿಯ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿಬಿಡುತ್ತಿದ್ದಳು.

"ಸಾವ್ಕಾರ್ರ, ಕೆಳಗ ಬರೀ ಹರಟಿ ನಡದೈತ್ರಿ," ಎಂದು ಒಮ್ಮೆ ಶಶಿಕಾಂತ್ ಕಿವಿಗೆ ಹಾಕಿದಳು.

"ಮಾಲು ಚಲೋ ಬರಾಕತ್ತೈತಲ್ಲಮ್ಮ. ಕೆಲಸ ಬಿಟ್ಟು ಹೋಗೋರೂ ಕಡಿಮಿ ಆಗ್ಯಾರ," ಎಂದು ಅವರು ಫೋನ್ ಎತ್ತಿಕೊಂಡರು. ಚಾಡಿ ಹೇಳಿದ ಬಾಯಿ ಅವಳಿಗೇ ಕಹಿಯಾಯಿತು.

ಆ ಬೇಸಿಗೆಯಲ್ಲೇ ಊರಮ್ಮನ ಬೆರಳಿಗೆ ಸೂಜಿ ಹೊಕ್ಕಿತು. ಊರಮ್ಮ ಸಿರುಗುಪ್ಪ ಕಡೆಯ ಕೆಂಚನಗುಡ್ಡದವಳು. ಅರುಣಾಳ ಮಹಡಿಯಲ್ಲಿ ಸೊಂಟಪಟ್ಟಿ ಹೊಲಿಯುತ್ತಿದ್ದಳು. ಅವಳು ಕಿರುಚಲಿಲ್ಲ. ಬೆರಳಿಗೆ ಚಿಂದಿ ಸುತ್ತಿಕೊಂಡು, ನೀರು ಕುಡಿಯುವ ನೆಪ ಮಾಡಿ ಕೆಳಗಿಳಿದಳು. ಖಾಲಿ ಮಷಿನ್ನಿನ ಮೇಲೆ ರಕ್ತ ಕಂಡ ಅರುಣಾ ಹಿಂದೆಯೇ ಮೆಟ್ಟಿಲಿಳಿದಳು.

ಹೇಮಾ ನೆಲದ ಮೇಲೆ ಕೂತು ಗಾಯ ತೊಳೆಯುತ್ತಿದ್ದಳು.

"ಅರುಣಕ್ಕನ ಮುಂದ ಹೇಳಬ್ಯಾಡ್ರಿ," ಎನ್ನುತ್ತಿದ್ದಳು ಊರಮ್ಮ.

"ಸೂಜಿ ಒಳಗ ಮುರದೈತಿ. ಮೊದ್ಲು ದವಾಖಾನಿಗಿ ನಡಿ," ಎಂದಳು ಹೇಮಾ.

"ನನ್ನ ಲೈನಿನಾಕಿನ್ನ ಕರಕೊಂಡು ಹೋಗಾಕ ನೀ ಯಾರು?" ಗಾಯ ನೋಡುವ ಮೊದಲೇ ಅರುಣಾಳ ಬಾಯಿಂದ ಬಂದದ್ದು ಇದು.

ಹೇಮಾ ತಲೆಯೆತ್ತಿದಳು. "ಹಂಗಾರ ನೀವಾ ಕರಕೊಂಡು ಹೋಗ್ರಿ ಅಕ್ಕಾ. ಆದ್ರ ಈಗ ಹೋಗ್ರಿ."

ಆದರೆ ಊರಮ್ಮ ಹೇಮಾಳ ಸೆರಗು ಬಿಡಲಿಲ್ಲ. ಆಟೋ ಹತ್ತಿದ್ದು ಅವರಿಬ್ಬರೇ.

ಮರುದಿನ ಅರುಣಾ ಹೇಮಾಳಂತೆಯೇ ದನಿ ತಗ್ಗಿಸಿ ಒಬ್ಬಳನ್ನು, "ಉಂಡ್ಯೇನವಾ?" ಎಂದು ಕೇಳಿದಳು. ಆಕೆ ದಡಬಡಿಸಿ ಎದ್ದು ನಿಂತು, "ಏನು ತಪ್ಪಾತ್ರಿ ಅಕ್ಕಾರ?" ಎಂದಳು.

ಗಾಯ ಮಾಯುವತನಕ ಊರಿಗೆ ಹೋಗಿದ್ದ ಊರಮ್ಮನನ್ನು ನೋಡಲು, ಭಾನುವಾರ ಬಾಳೆಹಣ್ಣು ಕಟ್ಟಿಸಿಕೊಂಡು ಅರುಣಾ ಸಿರುಗುಪ್ಪ ಬಸ್ಸು ಹತ್ತಿದಳು, ಅಲ್ಲಿಂದ ಆಟೋ ಹಿಡಿದು ಕೆಂಚನಗುಡ್ಡ ಸೇರಿದಳು. ಊರಮ್ಮನ ಮನೆಯ ಕಟ್ಟೆಯ ಮೇಲೆ ಅವಳಿಗಿಂತ ಮುಂಚೆಯೇ ಹೇಮಾ ಕೂತಿದ್ದಳು. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಊರಮ್ಮನಿಗೆ ಹೆರಳು ಹಾಕುತ್ತಿದ್ದಳು. ಅರುಣಾ ಬಾಳೆಹಣ್ಣನ್ನು ಕಟ್ಟೆಯ ತುದಿಗಿಟ್ಟಳು.

"ಸೂಜಿ ಹೊಕ್ಕಿದ್ದು ನನಗ ಯಾಕ ಹೇಳಲಿಲ್ಲ ನೀನು?" ಎಂದಳು, ನಿಂತಲ್ಲಿಂದಲೇ.

ಊರಮ್ಮ ಕೈಯ ಪಟ್ಟಿ ನೋಡುತ್ತಾ ಹೇಳಿದಳು. "ಮಕ ಎತ್ತಿದ್ರ, ಕೈ ಯಾಕ ನಿಂತೈತಿ ಅಂತೀರಿ. ನಮ್ಮಪ್ಪ ಸತ್ತು ನಾನು ತಿರುಗಿ ಕೆಲಸಕ್ಕ ಬಂದಾಗೂ ಅದನ್ನಾ ಕೇಳಿದ್ರಿ."

ಅವಳಪ್ಪ ಸತ್ತದ್ದೇ ಅರುಣಾಳಿಗೆ ಗೊತ್ತಿರಲಿಲ್ಲ. ಹೇಮಾಳ ಮುಖ ನೋಡಿದಳು. ಅವಳಿಗೆ ಗೊತ್ತಿತ್ತು.

ಮರಳುವ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂರಬೇಕಾಯಿತು. ಗದ್ದೆಗಳು ಹಿಂದೆ ಸರಿಯುತ್ತಿದ್ದವು.

"ಊರಮ್ಮನ್ನ ನಿನ್ನ ಕಡಿಗೇ ಹಾಕ್ಕೋ," ಎಂದಳು ಅರುಣಾ. ಈ ಮಾತಿಗೆ ಅವಳು ಬಳ್ಳಾರಿ ಹತ್ತಿರವಾಗುವವರೆಗೂ ತಯಾರಿ ನಡೆಸಿದ್ದಳು. "ಒಂದು ಹೇಳು, ಮಂದಿನ್ನ ಹಿಂಗ ನೋಡ್ಕೊಳ್ಳೋದು ಯಾರು ಕಲಿಸಿದ್ರು ನಿನಗ?"

ಹೇಮಾ ಎಡ ಹೆಬ್ಬೆರಳು ತೋರಿಸಿದಳು. ಉಗುರು ಸೀಳಿ ಬೆಳೆದಿತ್ತು. "ನಿಮ್ಮ ಹತ್ರ ಕೆಲಸ ಕಲಿಯುವಾಗ ಸೂಜಿ ಹೊಕ್ಕಿದ್ದು. ಅಂಜಿ ಯಾರಿಗೂ ಹೇಳಿರಲಿಲ್ಲ. ಆವತ್ತೇ ಅನ್ಕೊಂಡೆ, ನನ್ನ ಕೈಕೆಳಗಿನೋರು ಹಿಂಗ ನೋವು ಮುಚ್ಚಿಡಬಾರದು ಅಂತ."

ಅರುಣಾ ಕಿಟಕಿಯ ಕಡೆ ತಿರುಗಿದಳು. ಅಳು ಬಂದಿತ್ತು. ಆ ಅಳುವಿನಲ್ಲೂ, ಇವಳು ನನಗಿಂತ ದೊಡ್ಡವಳಾದಳಲ್ಲ ಎಂಬ ಉರಿಯಿತ್ತು.

ಉರಿ ಪೂರ್ತಿ ಆರಲಿಲ್ಲ. ಆದರೂ ಅವಳು ಮಷಿನ್‌ಗಳ ನಡುವೆ ನಿಧಾನವಾಗಿ ನಡೆಯತೊಡಗಿದಳು, ಕೈಗಿಂತ ಮೊದಲು ಮುಖ ನೋಡತೊಡಗಿದಳು. ಬಹಳ ದಿನ ಯಾರೂ ನಂಬಲಿಲ್ಲ. ಮಳೆಗಾಲದಲ್ಲಿ ಒಂದು ಬೆಳಗ್ಗೆ ಬಟ್ಟೆ ಕತ್ತರಿಸುವ ರಾಮಾಂಜಿನಿ ತಾನಾಗಿಯೇ ಅವಳ ಬಳಿ ಬಂದು, "ಅಕ್ಕಾರ, ಮೈಯಾಗ ಜ್ವರ ಐತ್ರಿ, ನಿಲ್ಲಾಕ ಆಗವಲ್ದು," ಎಂದ.

ಅರುಣಾ ಅವನನ್ನು ಕೂರಿಸಿ, ನೀರು ಕೊಟ್ಟು, ಆಟೋಗೆ ಫೋನ್ ಮಾಡಿದಳು. ಆಮೇಲೆ, ಹೇಮಾ ಇದನ್ನು ನೋಡಿದಳೇನೋ ಎಂದು ಮೆಟ್ಟಿಲ ಕಡೆ ಒಮ್ಮೆ ಇಣುಕಿದಳು.